ಮುಚ್ಚಳದ ಸಾಕ್ಷಿ

ನಮ್ಮತ್ತೆ ಮುನಿಗಂಗಮ್ಮನ ಬಾಯಿಮಾತಿಗಿಂತ ಒಂದು ಪ್ಲಾಸ್ಟಿಕ್ ಮುಚ್ಚಳದ ಮಾತೇ ಹೆಚ್ಚು ಎಂದು ತೀರ್ಮಾನಿಸಿದ ಆ ಡಾಕ್ಟರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಯಲಹಂಕದ ಆ ಆಸ್ಪತ್ರೆಯಲ್ಲಿ ಬಿ.ಪಿ. ಇರುವವರಿಗೆಲ್ಲ ಹೊಸ ಥರದ ಬಾಟಲಿ ಕೊಟ್ಟರು. ಅದರ ಮುಚ್ಚಳದಲ್ಲಿ ಒಂದು ಚಿಪ್ ಇದೆ. ಮಾತ್ರೆಯ ಹೊತ್ತಾದರೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕೆಂಪು ದೀಪ ಮಿಣುಕುತ್ತದೆ. ಮುಚ್ಚಳ ತೆಗೆದರೆ ಮಾತ್ರೆ ನುಂಗಿದ ಹಾಗೆ, ತೆಗೆಯದಿದ್ದರೆ ನುಂಗದ ಹಾಗೆ. ಅದೆಲ್ಲ ನೇರ ಡಾಕ್ಟರ ಕಂಪ್ಯೂಟರಿಗೆ ಹೋಗುತ್ತದೆ. ಬಾಟಲಿಯೊಳಗೆ ಏನಿದೆ, ಮನುಷ್ಯನ ಹೊಟ್ಟೆಗೆ ಏನು ಹೋಯಿತು ಎಂದು ನೋಡುವವರು ಯಾರೂ ಇಲ್ಲ!

ನಮ್ಮತ್ತೆ ಮನೆಯಲ್ಲಿ ಕೂರುವ ಹೆಂಗಸಲ್ಲ. ಕೋಗಿಲಿನಲ್ಲಿ ನಮ್ಮ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುತ್ತಿದ್ದೇವೆ. ಗಾರೆಯವರು ಗೋಡೆಗೆ ಸರಿಯಾಗಿ ನೀರು ಹೊಡೆದರೋ ಇಲ್ಲವೋ ಎಂದು ಕಣ್ಣಾರೆ ನೋಡದಿದ್ದರೆ ಅತ್ತೆಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಬೆಳಗಿನ ತಿಂಡಿಯೂ ಅಲ್ಲೇ, ಎಷ್ಟೋ ಸಲ ರಾತ್ರಿ ಊಟವೂ ಅಲ್ಲೇ, ಬುತ್ತಿ ಒಯ್ದು ಬಡಿಸುವವಳು ನಾನು. ಸೊಂಟದಲ್ಲಿ ಸದಾ ಎಲೆಅಡಿಕೆ ಚೀಲ. ವಾರಕ್ಕೊಮ್ಮೆ ಬಾಟಲಿಯಿಂದ ಒಂದಷ್ಟು ಮಾತ್ರೆಯನ್ನು ಆ ಚೀಲದ ಒಳಜೇಬಿಗೆ ಸುರಿದುಕೊಳ್ಳುತ್ತಾರೆ. ಉಂಡ ಮೇಲೆ ಮಾತ್ರೆ, ಮಾತ್ರೆಯ ಮೇಲೆ ಎಲೆಅಡಿಕೆ. ಎಲೆಅಡಿಕೆ ಮರೆತ ದಿನವೇ ಇಲ್ಲದ ಮೇಲೆ ಮಾತ್ರೆ ಎಲ್ಲಿ ಮರೆಯುತ್ತಾರೆ?

ಆದರೂ ಬಿ.ಪಿ. ಇಳಿಯಲಿಲ್ಲ. ಒಂದು ದಿನ ಕಟ್ಟಡದ ಹತ್ತಿರ ತಲೆ ತಿರುಗಿ ಮರಳಿನ ಗುಡ್ಡೆಯ ಮೇಲೆ ಕುಸಿದರು. ಅವರ ಅಕ್ಕ ಮುನಿಕೆಂಪಮ್ಮ ಹೀಗೇ ಬಿದ್ದು, ಒಂದು ಪಕ್ಕ ಸ್ವಾಧೀನ ತಪ್ಪಿ, ಮತ್ತೆ ಏಳಲೇ ಇಲ್ಲ. ಈ ಮಾತ್ರೆ ಹಿಡಿಯುತ್ತಿಲ್ಲ, ಬೇರೆ ಬರೆಸಬೇಕು ಎಂದು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಓಡಿದೆ.

ಡಾಕ್ಟರ್ ಯಶವಂತ್ ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. "ಅಜ್ಜಿ, ಬಾಟ್ಲು ಓಪನ್ ಆಗ್ತಿರೋದೇ ವಾರಕ್ಕೊಂದ್ಸಲ. ಮಾತ್ರೆ ತಗೊಳ್ದೇ ಬಿ.ಪಿ. ಹೆಂಗೆ ಇಳಿಯುತ್ತೆ?"

"ನಾನ್ಯಾಕಪ್ಪ ಸುಳ್ಳೇಳ್ಲಿ?" ಎಂದು ಅತ್ತೆ ಚೀಲ ಬಿಚ್ಚಿ ತೋರಿಸಿದರು. "ನೋಡು, ಇಂಗೆ ಮಡಿಕಂಡು ದಿನಾ ಉಂಡ್ಮೇಲೆ ನುಂಗ್ತೀನಿ."

"ಎಲ್ರೂ ಹಂಗೇ ಹೇಳೋದು ಅಜ್ಜಿ," ಎಂದು ಡಾಕ್ಟರು ನಕ್ಕರು. "ಮೊದಲು ಸರಿಯಾಗಿ ತಗೊಳ್ಳಿ. ಆಮೇಲೆ ಬದಲಾಯಿಸೋದು ನೋಡೋಣ."

"ಸಾರ್, ದಿನಾ ನನ್ ಕಣ್ಮುಂದೆ ನುಂಗ್ತಾರೆ ಕಣ್ರೀ!" ಎಂದೆ. ಆತ ಆಗಲೇ ಕಂಪ್ಯೂಟರಿನಲ್ಲಿ 'ಮಾತ್ರೆ ತೆಗೆದುಕೊಳ್ಳದ ರೋಗಿ' ಎಂದು ಇಂಗ್ಲಿಷಿನಲ್ಲಿ ಒತ್ತಿಯಾಗಿತ್ತು. ನಾನೂ ಪಿ.ಯು.ಸಿ. ಓದಿದವಳು, ಅಷ್ಟು ಓದಲು ಬರುತ್ತದೆ. ಅದು ಏನೆಂದು ಅತ್ತೆಗೆ ಹೇಳಿದೆ. ಹೇಳಬಾರದಿತ್ತೇನೋ.

ಮನೆಗೆ ಬಂದವರೇ ಬಾಟಲಿಯಲ್ಲಿದ್ದ ಮಾತ್ರೆಯನ್ನೆಲ್ಲ ಚೀಲಕ್ಕೆ ಸುರಿದುಕೊಂಡರು. "ಅದರ ಸವಾಸವೇ ಬ್ಯಾಡ," ಎಂದರು. ಆದರೆ ನಮ್ಮ ಮನೆಯಲ್ಲಿ ಡಬ್ಬಿಯನ್ನು ಬರಿದಾಗಿ ಇಡುವ ಪದ್ಧತಿ ಇಲ್ಲ. ಅಕ್ಕಿ ಡಬ್ಬಿಯ ತಳದಲ್ಲೂ ಒಂದು ಹಿಡಿ ಉಳಿಸಿಯೇ ಅಳೆದುಕೊಳ್ಳುವುದು. ಅತ್ತೆ ಬಾಟಲಿಗೆ ಹುರಿಗಡಲೆ ತುಂಬಿ ತಮ್ಮ ಮಂಚದ ಪಕ್ಕ ಇಟ್ಟರು. ಬೆಳಿಗ್ಗೆ ದೀಪ ಮಿಣುಕಿದಾಗ ಅವರಿಗೆ ಹುರಿಗಡಲೆಯ ನೆನಪಾಗುತ್ತಿತ್ತು. ರಾತ್ರಿ ಮಿಣುಕಿದರೆ ಮತ್ತೆ ನಾಲ್ಕು ಕಾಳು. ನಾನು ನೋಡಿಯೂ ಸುಮ್ಮನಿದ್ದೆ. ಮಾತ್ರೆ ಎಂದಿನಂತೆ ಚೀಲದಿಂದಲೇ ಹೊಟ್ಟೆಗೆ ಹೋಗುತ್ತಿತ್ತು, ತಲೆಸುತ್ತೂ ಎಂದಿನಂತೆಯೇ ಇತ್ತು. ಆ ಒಂದು ತಿಂಗಳು ಅವರು ಕಟ್ಟಡದ ಮೆಟ್ಟಿಲು ಹತ್ತುವಾಗಲೆಲ್ಲ ನಾನು ಹಿಂದೆಯೇ ಹತ್ತುತ್ತಿದ್ದೆ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರ ಮುಖ ಅರಳಿತು.

"ವೆರಿ ಗುಡ್ ಅಜ್ಜಿ! ಈ ತಿಂಗಳು ಒಂದು ಹೊತ್ತೂ ತಪ್ಪಿಲ್ಲ." ಬಿ.ಪಿ. ನೋಡಿದರು. ಮುಖ ಗಂಭೀರವಾಯಿತು. "ಇಷ್ಟು ಸರಿಯಾಗಿ ತಗೊಂಡ್ರೂ ಇಳಿದಿಲ್ಲ ಅಂದ್ರೆ ಈ ಮಾತ್ರೆ ಸಾಲ್ತಿಲ್ಲ. ಇವತ್ತೇ ಬದಲಾಯಿಸ್ತೀನಿ."

ಚೀಟಿ ಬರೆದು ಕೈಗೆ ಕೊಡುವ ತನಕ ನಾನು ಹಲ್ಲು ಕಚ್ಚಿ ಕೂತಿದ್ದೆ. ಆಮೇಲೆ ಮನೆಯಿಂದ ತಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿ ಆತನ ಮೇಜಿನ ಮೇಲೆ ಸುರಿದೆ. ಹುರಿಗಡಲೆ ಕೀಬೋರ್ಡಿನ ಸಂದಿಗೆಲ್ಲ ಉರುಳಿತು.

"ತಿಂಗಳೆಲ್ಲ ತಪ್ಪದೆ ತಗೊಂಡಿದ್ದು ಇದನ್ನೇ ಸಾರ್. ಮಾತ್ರೆ ಆವತ್ತೂ ಚೀಲದಲ್ಲಿತ್ತು, ಈವತ್ತೂ ಚೀಲದಲ್ಲೇ ಇದೆ. ಆವತ್ತೇ ಬದಲಾಯಿಸಿದ್ರೆ ನಿಮ್ ಗಂಟೇನ್ ಹೋಗ್ತಿತ್ತು? ಈ ತಿಂಗಳಲ್ಲಿ ಇವ್ರು ಬಿದ್ದುಬಿಟ್ಟಿದ್ರೆ ಯಾರ್ ಎತ್ತೋರು?"

ಡಾಕ್ಟರ ಮುಖ ಕೆಂಪಾಯಿತು. "ಸಾರಿ ಅಮ್ಮ. ಹೊಸ ಮಾತ್ರೆ ಕೊಟ್ಟಿದ್ದೀನಲ್ಲ, ಇನ್ನೇನೂ ತೊಂದ್ರೆ ಆಗಲ್ಲ," ಎಂದರು.

ಅತ್ತೆ ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. "ಔಸ್ದಿ ಕೊಟ್ಟೆ, ಸರಿ ಕಣಪ್ಪ. ಆವತ್ತು ನಾನು ಮಾತ್ರೆ ನುಂಗಲ್ಲ ಅಂತ ಬರ್ಕಂಡ್ಯಲ್ಲ, ಅದುನ್ನ ಅಳಿಸು."

ಡಾಕ್ಟರು ಒಂದೆರಡು ಕೀಲಿ ಒತ್ತಿ ನೋಡಿದರು. "ಹಿಂದಿನ ತಿಂಗಳದ್ದು ಸಿಸ್ಟಂನಲ್ಲಿ ಲಾಕ್ ಆಗಿದೆ ಅಜ್ಜಿ. ನಾನೂ ಅಳಿಸೋಕಾಗಲ್ಲ."

ಅತ್ತೆ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ನಾಲ್ಕಾಗಿ ಮಡಿಸಿ ಎಲೆಅಡಿಕೆ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡರು. ಖಾಲಿ ಬಾಟಲಿಗೆ ಮುಚ್ಚಳ ಬಿಗಿದು ಡಾಕ್ಟರ ಮುಂದೆ ನಿಲ್ಲಿಸಿದರು.

"ಅಂಗಾದ್ರೆ ಇನ್ಮೇಲೆ ಬಿ.ಪಿ.ನೂ ಇದುಕ್ಕೇ ನೋಡು," ಎಂದು ಎದ್ದರು.