ಬಿಚ್ಚದ ಗಂಟು

ದಸ್ತಗೀರ ನಿಂತಲ್ಲೇ ನಿದ್ದೆಹೋದದ್ದು ರಾತ್ರಿ ಪಾಳಿಯಲ್ಲಿ. ಅವನ ಕೈ ಲಾಳಿ ಓಡುವ ದಾರಿಗೆ ಒಂದು ಗೇಣು ದೂರದಲ್ಲಿತ್ತು. ಪಕ್ಕದ ಮಗ್ಗದ ಆಸಿಫ ಓಡಿಬಂದು ಮಗ್ಗ ನಿಲ್ಲಿಸಿದ. ಬೋರಗಾಂವದ ಆ ವಿದ್ಯುತ್ ಮಗ್ಗಗಳ ಶೆಡ್ಡಿನ ಮಾಲೀಕ ಸುಜಯ ಬೈಯಲಿಲ್ಲ. ಡಾಕ್ಟರರ ಚೀಟಿ ತರುವತನಕ ಮಗ್ಗ ಮುಟ್ಟಬೇಡ ಎಂದಷ್ಟೇ ಹೇಳಿದ.

ನಿದ್ದೆಯಲ್ಲಿ ಅವನ ಉಸಿರು ನಿಲ್ಲುತ್ತದೆ ಎಂದರು ನಿಪ್ಪಾಣಿಯ ಡಾಕ್ಟರರು. ಗಾಳಿ ಊದುವ ಯಂತ್ರ, ಮೂಗು ಬಾಯಿ ಮುಚ್ಚುವ ಮಾಸ್ಕು ಕೊಟ್ಟರು. ಎಷ್ಟು ಹೊತ್ತು ಹಾಕಿಕೊಂಡ ಎಂಬುದನ್ನು ಯಂತ್ರವೇ ಬರೆದಿಟ್ಟುಕೊಳ್ಳುತ್ತದೆ. ದಿನಕ್ಕೆ ನಾಲ್ಕು ತಾಸಿನಂತೆ ಒಂದು ತಿಂಗಳಾದರೆ ಚೀಟಿ.

ಮೊದಲ ದಿನ ಹನ್ನೊಂದು ನಿಮಿಷ. ಎರಡನೆಯ ದಿನ ಏಳು. ಇಪ್ಪತ್ತು ವರ್ಷದ ರಾತ್ರಿ ಪಾಳಿಯಿಂದ ಅವನ ನಿದ್ದೆ ಹಗಲಿಗೇ ಬಿದ್ದಿತ್ತು. ಮಾಸ್ಕು ಕೂತೊಡನೆ ಗೋಡೆಯಾಚೆ ಯಾರೋ ಏದುತ್ತಿರುವ ಹಾಗೆ ತನ್ನ ಉಸಿರು ತನಗೇ ಕೇಳುತ್ತಿತ್ತು. ಎದೆ ಬಡಿದುಕೊಳ್ಳುತ್ತಿತ್ತು. ಕೈ ತಾನಾಗಿ ಎದ್ದು ಮಾಸ್ಕಿನ ಪಟ್ಟಿಯ ಕೊಕ್ಕೆ ಕಳಚುತ್ತಿತ್ತು.

ಮೂರನೆಯ ದಿನ ಅವನು ಕೊಕ್ಕೆಯನ್ನೇ ಕತ್ತರಿಸಿ ತೆಗೆದ. ಪಟ್ಟಿಯ ತುದಿಗಳಿಗೆ ತಲೆಯ ಹಿಂದೆ, ಹರಿದ ಎಳೆ ಜೋಡಿಸುವ ಗಂಟು ಹಾಕಿದ. ಎಳೆದಷ್ಟೂ ಬಿಗಿಯಾಗುವ ಗಂಟು. ಎಂಟನೆಯ ನಿಮಿಷಕ್ಕೆ ಕೈ ಕೊಕ್ಕೆ ಹುಡುಕಿತು. ಆಮೇಲೆ ಎಳೆಯಿತು.

ಹೆಂಡತಿ ಸಕೀನಾಬಿ ಕತ್ತರಿ ತಂದು ಪಟ್ಟಿ ಕತ್ತರಿಸಿದಳು. ಲುಂಗಿ ಒದ್ದೆಯಾಗಿತ್ತು. ಅವನು ಅದನ್ನು ಬೇರೆ ಯಾರದೋ ಲುಂಗಿಯಂತೆ ನೋಡಿದ.

"ಇದೇನ ಹರದ ನೂಲೇನ್ರಿ, ಗಂಟ ಹಾಕಾಕ?"

"ಬಿಚ್ಚಬಾರದಂತ ಹಾಕಿದ್ನಿ."

"ಬಿಚ್ಚಾಕ ಬರ್ತೈತಿ ಅಂತ ಗೊತ್ತಿದ್ರ ಅಲ್ಲೇನ್ರಿ, ಮಂದಿ ಸುಮ್ಮನ ಇರೂದು?"

ಮರುದಿನ ಅವಳು ಪಟ್ಟಿಗೆ ಪೈಜಾಮದ ಲಾಡಿ ಹೊಲಿದುಕೊಟ್ಟಳು. ನಿಮಗೆ ನಿದ್ದೆ ಬರುವುದು ಶೆಡ್ಡಿನಲ್ಲೇ ತಾನೆ, ಅಲ್ಲೇ ಹೋಗಿ ಮಲಗಿ ಎಂದಳು. ಸುಜಯ ನೂಲಿನ ಚೀಲಗಳ ಮೂಲೆ ತೋರಿಸಿದ. ದಸ್ತಗೀರ ಒಂದೇ ಜಗ್ಗಿಗೆ ಬಿಚ್ಚುವ ಗಂಟು ಹಾಕಿ, ಲಾಡಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದ. ಆ ಗದ್ದಲದಲ್ಲಿ ಮಗ್ಗದವರು ಮಾತು ಕೇಳಿಸಿಕೊಳ್ಳುವುದಿಲ್ಲ, ತುಟಿ ನೋಡುತ್ತಾರೆ. ಆ ವಾರ ಬೆಳಗಿನ ಪಾಳಿಗೆ ಬಂದಿದ್ದ ಆಸಿಫನ ತುಟಿ ಹೇಳಿತು: "ಮಾಮಾ ವಿಮಾನ ಹಾರಸಾಕತ್ತಾನ."

ಇಪ್ಪತ್ತನಾಲ್ಕು ಮಗ್ಗಗಳ ಸಪ್ಪಳದಲ್ಲಿ ಅವನ ಉಸಿರು ಅವನಿಗೆ ಕೇಳಲಿಲ್ಲ.

ಮಧ್ಯಾಹ್ನ ಪಾಳಿ ಬದಲಾಗುವಾಗ ಮಗ್ಗಗಳು ಒಂದೊಂದಾಗಿ ನಿಂತವು. ಅವನು ಎಚ್ಚರಾದ. ಗೋಡೆಯಾಚೆ ಅದೇ ಏದುಸಿರು. ಯಂತ್ರ ಊದುತ್ತಲೇ ಇತ್ತು. ಎದೆ ಬಡಿಯತೊಡಗಿತು, ಅವನು ಅದನ್ನು ಬಡಿಯಲು ಬಿಟ್ಟ. ಲಾಡಿಯ ತುದಿ ಬೆವರಿಗೆ ತೊಯ್ದಿತ್ತು. ಯಂತ್ರದ ಮೇಲೆ ಒಂದು ತಾಸು ಐವತ್ತು ನಿಮಿಷ ಎಂದಿತ್ತು. ನಾಲ್ಕಲ್ಲ.

ಯಾರೋ ಮೊದಲ ಮಗ್ಗ ಚಾಲೂ ಮಾಡಿದರು. ಅವನು ತುದಿಯನ್ನು ಹಿಡಿದೇ ಇದ್ದ. ಜಗ್ಗಲಿಲ್ಲ.