ಜೀರೋ ಬಿಲ್ ಬಾರದ ಮನೆ

ಜುಲೈ ತಿಂಗಳ ಕರೆಂಟ್ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಮನೆ ಮಾಲಕಿ ಕಾಶೀಬಾಯಿ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನ ಹೆಂಗಸು, ಬಾಡಿಗೆಯವರ ಮನೆಗೆ ಬರುವುದೇ ಅಪರೂಪ. ಬಂದರೆಂದರೆ ಏನೋ ಆಗಿದೆ ಎಂದು ಪೂನಮ್‌ಗೆ ಗೊತ್ತು. ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತಳು.

"ಓಣ್ಯಾಗ ಎಲ್ಲಾರಿಗೂ ಜೀರೋ ಬಿಲ್ ಬಂದದ. ಕೆಳಗ ನನಗೂ ಬಂದದ. ನಿಮ್ಮ ಮೀಟರಿಗೆ ಮಾತ್ರ ಹಿಂಗ್ಯಾಕ ಬರ್ತದ ಪೂನಮ್? ಗಿರಣಿ ಇಟ್ಟೀರೇನು ಒಳಗ?"

ಕಾಶೀಬಾಯಿಗೆ ಉತ್ತರ ಗೊತ್ತಿಲ್ಲದೆ ಏನಿಲ್ಲ. ಇನ್ನೂರು ಯೂನಿಟ್ ದಾಟದಿದ್ದರೆ ಬಿಲ್ಲು ಸರ್ಕಾರದ್ದು, ದಾಟಿದರೆ ಪೂರ್ತಿ ನಮ್ಮದು. ಜಮಖಂಡಿಯ ಆ ಓಣಿಯಲ್ಲಿ ಪ್ರತಿ ತಿಂಗಳೂ ದಾಟುತ್ತಿದ್ದದ್ದು ಈ ಒಂದೇ ಮನೆ. ಒಳಗಿನ ಕೋಣೆಯಲ್ಲಿ ಗಾಜಿನ ದೊಡ್ಡ ಪೆಟ್ಟಿಗೆ, ಅದರ ಮೇಲೆ ಬಿಸಿ ಕೊಡುವ ದೀಪ, ಪಕ್ಕದಲ್ಲಿ ಇನ್ನೊಂದು ವಿಶೇಷ ದೀಪ, ಕೆಳಗೆ ಇನ್ನೊಂದು ಪೆಟ್ಟಿಗೆ, ಅದಕ್ಕೆ ಹಗಲೂ ರಾತ್ರಿ ಕಾಯುವ ಹೀಟರು, ಮೂಲೆಯಲ್ಲಿ ಎರಡನೇ ಫ್ರಿಜ್ಜು. ಮೇಲಿನ ಪೆಟ್ಟಿಗೆಯಲ್ಲಿ ಇಗ್ವಾನಾ ಎಂಬ ಉಡದಂಥ ಹಸಿರು ಪ್ರಾಣಿ, ಹೆಸರು ರಾಣಿ. ಕೆಳಗಿನದರಲ್ಲಿ ಆಫ್ರಿಕಾ ಜಾತಿಯ ಪುಟ್ಟ ಹೆಬ್ಬಾವು. ಫ್ರಿಜ್ಜಿನಲ್ಲಿ ಹೆಬ್ಬಾವಿಗಾಗಿ ಪುಣೆಯಿಂದ ಪಾರ್ಸಲ್ ಬರುವ, ಹೆಪ್ಪುಗಟ್ಟಿಸಿದ ಇಲಿಗಳು. ಎರಡೂ ಪ್ರಾಣಿಗಳಿಗೆ ಸರ್ಕಾರದ ನೋಂದಣಿ ಪತ್ರವಿತ್ತು. ಗಂಡ ಶಶಿಕಾಂತ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಟ್ಟುನಿಟ್ಟು ಅದೊಂದರಲ್ಲೇ.

ಶಶಿಕಾಂತ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ಪೂರ್ತಿ ಸಂಬಳ, ಹಂಗಾಮು ಮುಗಿದ ಮೇಲೆ ಹೊಸ ಹಂಗಾಮಿನವರೆಗೆ ಅರ್ಧ. ಅರ್ಧ ಸಂಬಳದ ತಿಂಗಳುಗಳಲ್ಲಿ ಅವನಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಕೆಲಸವಿಲ್ಲದಾಗ ಫೋನು ಹಿಡಿಯುತ್ತಿದ್ದ, ಫೋನು ಹಿಡಿದರೆ ಏನಾದರೂ ಕೊಳ್ಳುತ್ತಿದ್ದ. ಹೀಗಾಗಿ ರೊಕ್ಕ ಕಡಿಮೆ ಇದ್ದಾಗಲೇ ಅವನ ಖರ್ಚು ಹೆಚ್ಚು.

ಇಗ್ವಾನಾ ಬಂದದ್ದು ಮೂರು ವರ್ಷದ ಹಿಂದೆ. ತರಬೇತಿಗೆಂದು ಪುಣೆಗೆ ಹೋದವನು ಸಹೋದ್ಯೋಗಿಯ ಮನೆಯಲ್ಲಿ ಅಂಥದೊಂದನ್ನು ನೋಡಿ, ಅಂಗೈಯಗಲದ ಮರಿಯೊಂದನ್ನು ತಂದಿದ್ದ. ಎಳೆ ಜೋಳದ ಎಲೆಯಂಥ ಹಸಿರು. ಮೊದಲು ಕಿರುಚಿದ ಪೂನಮ್‌ಳೇ ಆಮೇಲೆ ಅದಕ್ಕೆ ರಾಜಗಿರಿ ಸೊಪ್ಪು, ನುಗ್ಗೆ ಎಲೆ, ದಾಸವಾಳದ ಹೂವು ಹೆಚ್ಚಿ ಹಾಕತೊಡಗಿದ್ದಳು. ರಾಣಿಯನ್ನು ಅವಳು ದ್ವೇಷಿಸಿದ್ದಿಲ್ಲ. ಅವಳಿಗೆ ತಡೆಯಲಾಗದ್ದು ಹೆಬ್ಬಾವು. ಅದು ಬಂದದ್ದು ಅವಳ ರೊಕ್ಕದಲ್ಲಿ.

ಮಾರ್ಕೆಟ್ ಹತ್ತಿರ ಒಂದು ಸಣ್ಣ ಅಂಗಡಿ ಹಿಡಿದು ಆರಿ ವರ್ಕ್ ಬ್ಲೌಸುಗಳ ವ್ಯಾಪಾರ ಶುರು ಮಾಡಬೇಕೆಂದು ಅವಳು ಡಿಪಾಜಿಟ್ಟಿಗೆ ರೊಕ್ಕ ಕೂಡಿಟ್ಟಿದ್ದಳು. ಇಬ್ಬರ ಹೆಸರಿನ ಖಾತೆಯಲ್ಲಿತ್ತು. ಏಪ್ರಿಲ್‌ನಲ್ಲಿ ಶಶಿಕಾಂತ ಅದನ್ನು ತೆಗೆದ. ಕೇಳದೆ ತೆಗೆದ.

"ಇದು ಖರ್ಚಲ್ಲ, ಬಂಡವಾಳ. ಗಂಡು ಬಂತು, ಇನ್ನೊಂದು ಹೆಣ್ಣು ತಂದ್ರ ಮರಿ ಆಗ್ತಾವ. ಒಂದೊಂದು ಮರಿ ಎಷ್ಟಕ್ಕ ಹೋಗ್ತೈತಿ ಗೊತ್ತೇನು? ಕ್ರೆಡಿಟ್ ಕಾರ್ಡಿನ ಸಾಲಾನೂ ತೀರತೈತಿ, ನಿನ್ನ ಅಂಗಡೀನೂ ಆಗ್ತೈತಿ," ಎಂದಿದ್ದ.

ಹೆಣ್ಣು ಹಾವಿನ ಬೆಲೆ ಗಂಡಿನ ಎರಡರಷ್ಟು. ಅದಕ್ಕೆ ರೊಕ್ಕವಿರಲಿಲ್ಲ. ಗಂಡು ಹೆಬ್ಬಾವು ಒಂಟಿಯಾಗಿ, ಸುರುಳಿ ಸುತ್ತಿಕೊಂಡು, ಕರೆಂಟು ತಿನ್ನುತ್ತ ಮಲಗಿತ್ತು. ಅದರ ಪೆಟ್ಟಿಗೆ, ಹೀಟರಿಗೆಂದು ಲೋನ್ ಆ್ಯಪಿನಲ್ಲಿ ತೆಗೆದ ಸಾಲ ಬೇರೆ. ಆ ಆ್ಯಪಿನ ಕಚೇರಿಯ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ಫೋನ್ ಮಾಡಿ ಬಹಳ ನಯವಾಗಿ ಕಂತು ಕೇಳುತ್ತಿದ್ದಳು.

ಕಾಶೀಬಾಯಿ ಇಳಿದು ಹೋದ ಮೇಲೆ ಪೂನಮ್ ಬಿಲ್ಲನ್ನು ಗಂಡನ ಮುಂದಿಟ್ಟಳು.

"ಕಾರ್ಡ್ ಕೊಡ್ರಿ ಇಲ್ಲೆ."

"ಯಾಕ?"

"ಕೊಡ್ರಿ ಅಂದ್ನಿ. ಮನಿಗೆ ಏನ ಬೇಕೋ ನಾ ತರತೇನಿ. ನೀವ ಖರ್ಚ ಕಡಿಮಿ ಮಾಡ್ರಿ, ಅಷ್ಟ."

ಶಶಿಕಾಂತ ಕಾರ್ಡು ಕೊಟ್ಟ. ಅವಳು ಅದನ್ನು ಟ್ರೆಜರಿ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದಳು. ಕಾರ್ಡಿನ ನಂಬರು, ಹಿಂದಿನ ಮೂರು ಅಂಕಿ ಎಲ್ಲ ಅವನ ಫೋನಿನಲ್ಲೇ ಉಳಿದಿವೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅವನೂ ಹೇಳಲಿಲ್ಲ.

ಖರ್ಚು ಕಡಿಮೆ ಮಾಡಬೇಕೆಂದು ಅವನಿಗೂ ಮನಸ್ಸಿತ್ತು. ಚಹಾದಂಗಡಿಗೆ ಹೋಗುವುದು ಬಿಟ್ಟ. ಬೈಕ್ ಮೂಲೆಗಿಟ್ಟು ನಡೆದಾಡಿದ. ರಾಣಿಯ ವಿಶೇಷ ದೀಪವನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಕಿತ್ತು, ಅವಧಿ ಮೀರಿತ್ತು. ದೀಪವೇನೋ ಚೆನ್ನಾಗಿ ಉರಿಯುತ್ತಿದೆಯಲ್ಲ, ಹಂಗಾಮು ಶುರುವಾಗಿ ಪೂರ್ತಿ ಸಂಬಳ ಬರಲಿ, ಆಮೇಲೆ ನೋಡೋಣ ಎಂದು ಮುಂದೂಡಿದ. ಆದರೆ ಆ ವಾರವೇ ಹೆಬ್ಬಾವಿನ ಪೆಟ್ಟಿಗೆಗೆ ಶಾಖ ತಾನೇ ಹಿಡಿದಿಡುವ ಒಂದು ಹೊಸ ಯಂತ್ರ ರಿಯಾಯಿತಿಗೆ ಬಂದಿತ್ತು. ಅದನ್ನು ಹಾಕಿದರೆ ಕರೆಂಟು ಉಳಿಯುತ್ತದೆಂದು ಬರೆದಿದ್ದರು. ಉಳಿತಾಯಕ್ಕಾಗಿಯೇ ತಾನು ಕೊಳ್ಳುತ್ತಿರುವುದೆಂದು ತನಗೆ ತಾನೇ ಹೇಳಿಕೊಂಡು ಫೋನಿನಲ್ಲಿ ಒತ್ತಿದ.

ಆಗಸ್ಟಿನಲ್ಲಿ ಮೋಡ ಕವಿದುಕೊಂಡವು. ಮಳೆ ದೊಡ್ಡದಾಗಿ ಬರಲಿಲ್ಲ, ಬಿಸಿಲೂ ಬೀಳಲಿಲ್ಲ. ರಾಣಿ ಸೊಪ್ಪು ತಿನ್ನದೆ ಬಿಡತೊಡಗಿತು. ಒಂದು ಮುಂಜಾನೆ ಟೊಂಗೆ ಹತ್ತಲು ಹೋಗಿ ಜಾರಿ ಬಿತ್ತು. ಎತ್ತಿಕೊಂಡಾಗ ಹಿಂದಿನ ಕಾಲುಗಳು ನಡುಗುತ್ತಿದ್ದವು. ಕೆಳದವಡೆ ಒಂದು ಕಡೆ ಊದಿ, ಒತ್ತಿದರೆ ರಬ್ಬರಿನಂತೆ ಮೆತ್ತಗಿತ್ತು. ಇಂಥ ಪ್ರಾಣಿ ನೋಡುವ ಡಾಕ್ಟರು ಕೊಲ್ಲಾಪುರದಲ್ಲಿದ್ದರು. ಹೋಗಿ ಬರಲು, ಎಕ್ಸ್‌ರೇ, ಇಂಜೆಕ್ಷನ್ನು ಎಲ್ಲ ಸೇರಿ ಕೈಯಲ್ಲಿದ್ದದ್ದು ಸಾಲುತ್ತಿರಲಿಲ್ಲ. ಕಾರ್ಡಿನ ಮಿತಿ ಮುಗಿದಿತ್ತು.

ಪೂನಮ್‌ಗೆ ಹೇಳದೆ ಬೈಕ್ ತೆಗೆದುಕೊಂಡು ಅನಗವಾಡಿಗೆ ಹೋದ. ತಂದೆ ಜಕ್ಕಪ್ಪ ಹೊಳೆ ದಂಡೆಯ ಹೊಲವೊಂದರಲ್ಲಿ ಕುರಿ ತರುಬಿದ್ದ. ಹೊಲದವನು ಹಿಕ್ಕೆ-ಗೊಬ್ಬರಕ್ಕೆ ರೊಕ್ಕ ಕೊಡುತ್ತಿದ್ದ, ಜೊತೆಗೆ ರೊಟ್ಟಿ, ಪಲ್ಯ. ಕಂಬಳಿ ಹೊದ್ದು ಕುಳಿತಿದ್ದ ಮುದುಕ ಮಗನನ್ನು ನೋಡಿ ನಕ್ಕ.

"ಬಾರಲೇ ಶಶ್ಯಾ. ಅಪರೂಪಕ್ಕ ಬಂದಿ. ರೊಟ್ಟಿ ತಿಂತಿಯೇನು?"

"ಬ್ಯಾಡಪ್ಪಾ. ಸ್ವಲ್ಪ ರೊಕ್ಕ ಬೇಕಾಗಿತ್ತು. ಹಂಗಾಮ ಶುರು ಆಗೂದ ತಡ, ತಿರುಗಿ ಕೊಡತೇನಿ."

ಜಕ್ಕಪ್ಪನ ನಗು ನಿಂತಿತು. "ಪೂನಮ್ ಆಗಲೇ ಫೋನ್ ಮಾಡಿದ್ಲು. ಅಂವ ಬಂದ್ರ ಕೊಡಬ್ಯಾಡ್ರಿ ಮಾಮಾ ಅಂದಾಳ."

ಶಶಿಕಾಂತನಿಗೆ ಮುಖಕ್ಕೆ ಹೊಡೆದಂತಾಯಿತು. "ಆಕಿಗೆ ಹೆಂಗ ಗೊತ್ತಾತು?"

"ಓತಿಕ್ಯಾತ ಜಡ್ಡ ಬಿದ್ದೈತಿ, ನೀ ಬೈಕ್ ತಗದಿದ್ದೂ ನೋಡ್ಯಾಳ. ನನಗ ಒಂದ ತಿಳಿವಲ್ದು ನೋಡ. ನಾನೂ ಜೀವಾ ಸಾಕೇನಿ, ನೀನೂ ಸಾಕೀದಿ. ನನ್ನ ಕುರಿ ನಿನಗ ಸಾಲಿ ಕಲಿಸಿದ್ವು. ನಿನ್ನವು ಏನ ಮಾಡ್ಯಾವ?"

"ಎಲ್ಲಾದ್ರಿಂದನೂ ರೊಕ್ಕ ಬರಬೇಕೇನಪ್ಪಾ? ಪ್ರೀತಿಗೆ ಸಾಕೇನಿ."

"ಪ್ರೀತಿಗೆ ಸಾಕಿದ್ದು ಜಡ್ಡ ಬಿದ್ರ ಇರಲಿ ಅಂತ ರೊಕ್ಕ ಮದ್ಲ ತಗದ ಇಡಬೇಕಲೇ. ನನಗ ನಿನ್ನ ಓತಿಕ್ಯಾತದ ಔಷಧ ಗೊತ್ತಿಲ್ಲ, ಬೇವಿನ ಎಣ್ಣಿ ಹಚ್ಚಿ ನೋಡ. ರೊಕ್ಕ ಮಾತ್ರ ಕೊಡೂದಿಲ್ಲ. ಸೊಸಿಗೆ ಮಾತ ಕೊಟ್ಟೇನಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಶಶಿಕಾಂತ ಬೈಯುತ್ತ ಬಂದ. ಅಪ್ಪನನ್ನು ಬೈದ, ಪೂನಮ್‌ಳನ್ನು ಬೈದ, ಕಾರ್ಖಾನೆಯನ್ನು, ಕಾರ್ಡಿನವರನ್ನು, ಎದುರಿಗೆ ಬಂದ ಟ್ರ್ಯಾಕ್ಟರನ್ನು ಬೈದ. ಬೀಳಗಿ ದಾಟುವ ಹೊತ್ತಿಗೆ ಬೈಯಲು ಯಾರೂ ಉಳಿಯಲಿಲ್ಲ. ಬೈಕ್ ನಿಲ್ಲಿಸಿ ರಸ್ತೆ ಪಕ್ಕ ಸುಮ್ಮನೆ ಕುಳಿತ. ಹೆಂಡತಿಯನ್ನೇ ಕೇಳುವುದೊಂದು ಉಳಿದಿತ್ತು, ಅದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು.

ಮನೆಗೆ ಬಂದಾಗ ಪೂನಮ್ ರಾಣಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಕಾಲ ಎತ್ತಾಕ ಬರವಲ್ದು ಇದಕ್ಕ. ಮುಂಜಾನಿಂದ ನೀರ ಸೈತ ಕುಡದಿಲ್ಲ," ಎಂದಳು. ಮುಖ ಎತ್ತಲಿಲ್ಲ.

"ಕೊಲ್ಲಾಪುರಕ್ಕ ಒಯ್ಯಬೇಕು. ರೊಕ್ಕ..."

"ನಾ ಕೊಡತೇನಿ. ಲಗ್ನದ ಬ್ಲೌಸಿಂದು ಬಂದೈತಿ. ಆದ್ರ ನಾನೂ ಬರಾಕಿ. ನಿಮ್ಮ ಕೈಯಾಗ ಕೊಡೂದಿಲ್ಲ. ಮತ್ತ ಆ ಹಾವ ಹೋಗಬೇಕು. ಇವತ್ತ ಹೇಳ್ರಿ, ಹೂಂ ಅಂತೀರೋ ಇಲ್ಲೋ?"

ಅವನು ಹೂಂ ಎಂದ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಪೂನಮ್ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುಚ್ಚಿದ ಟವೆಲಿನ ಕೆಳಗಿಂದ ಉದ್ದನೆಯ ಬಾಲ ಹೊರಬಂದಿತ್ತು. ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದುಕೊಂಡು ಆ ಬಾಲವನ್ನೇ ನೋಡುತ್ತ ನಿಂತ.

"ಏನ್ರಿ ಬಾಯಾರ ಅದು? ಕೋಳಿ ಆಗಿದ್ರ ಅರ್ಧ ಟಿಕೀಟು."

"ಕೋಳಿ ಅಂತನ ತಿಳಕೋರಿ ಅಣ್ಣಾ," ಎಂದು ಪೂನಮ್ ಅರ್ಧ ಟಿಕೆಟಿನ ರೊಕ್ಕ ಕೊಟ್ಟಳು. ಹಿಂದಿನ ಸೀಟಿನವರು ಎದ್ದು ಮುಂದೆ ಹೋದರು.

ಡಾಕ್ಟರ್ ಪ್ರಾಜಕ್ತಾ ಅಥಣಿ ಕಡೆಯವರು, ಕನ್ನಡ ಬರುತ್ತಿತ್ತು. ಎಕ್ಸ್‌ರೇ ಹಿಡಿದು ನೋಡಿ, "ಎಲುಬಿನಾಗ ಸುಣ್ಣ ಉಳದಿಲ್ಲ. ದೀಪ ಯಾವಾಗ ಬದಲ ಮಾಡೀರಿ?" ಎಂದು ಕೇಳಿದರು.

"ಉರಿಯಾಕತ್ತೈತ್ರಿ ಮೇಡಂ. ಛಲೋ ಬೆಳಕ ಐತಿ."

"ಬೆಳಕ ಇರ್ತದ್ರಿ. ಎಲುಬಿಗೆ ಬೇಕಾದ ಕಿರಣ ನಮ್ಮ ಕಣ್ಣಿಗೆ ಕಾಣೂದಿಲ್ಲ, ಅದು ಮದ್ಲ ಖಾಲಿ ಆಗ್ತದ. ದೀಪ ಬದಲ ಮಾಡ್ರಿ. ಮತ್ತ ದಿನಾ ಮುಂಜಾನಿ ಬಿಸಲಿಗೆ ಇಡ್ರಿ. ನಿಮ್ಮೂರಾಗ ಬಿಸಲಿಗೇನು ಬರಗಾಲ? ಬಂದಾಗಿಂದ ಕೋಣಿಯೊಳಗನ ಇಟ್ಟೀರೇನು?"

ಕಾಗೆ ಬರುತ್ತವೆ, ಓಣಿಯವರು ನೋಡುತ್ತಾರೆ ಎಂದು ಶಶಿಕಾಂತ ಅದನ್ನು ಮಾಳಿಗೆಗೆ ಒಯ್ದೇ ಇರಲಿಲ್ಲ. ಇಂಜೆಕ್ಷನ್ ಕೊಟ್ಟು, ದಿನಾ ಬಾಯಿಗೆ ಹಾಕುವ ಔಷಧ ಬರೆದು, ಬದುಕಬಹುದು, ಆದರೆ ದವಡೆ ಮೊದಲಿನಂತಾಗುವುದಿಲ್ಲ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಪೂನಮ್ ಕೇಳಿದಳು, "ಆ ದೀಪಕ್ಕ ಎಷ್ಟ್ರಿ?"

ಹೇಳಿದ.

"ಮತ್ತ ಹಾವಿನ ಡಬ್ಬಿಗೆ ಹೊಸಾದು ಒಂದ ಕುಂದ್ರಿಸೀರಲ್ಲ, ಅದಕ್ಕ?"

ಅದು ದೀಪಕ್ಕಿಂತ ತುಟ್ಟಿಯಾಗಿತ್ತು. ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ನಾ ಖರ್ಚ ಕಡಿಮಿ ಮಾಡ್ರಿ ಅಂದಿದ್ನಿ. ಇದನ್ನ ಸಾಯಸ್ರಿ ಅಂದಿದ್ದಿಲ್ಲ!" ಪೂನಮ್‌ಳ ದನಿ ಏರಿತು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. "ಹೊಸಾದು ತರಾಕ ನಿಮ್ಮಲ್ಲೆ ಯಾವಾಗ್ಲೂ ರೊಕ್ಕ ಇರತೈತಿ. ಇದ್ದದ್ದನ್ನ ನೋಡಕೊಳ್ಳಾಕ ಇರೂದಿಲ್ಲ. ನನ್ನ ಅಂಗಡೀದೂ ಅದ ಆತು. ನಾನೂ ಮನ್ಯಾಗ ಹಳೇದ ಆಗೇನಲ್ಲ, ಅದಕ್ಕ."

ಬಸ್ ಸ್ಟ್ಯಾಂಡಿನವರೆಗೆ ಅವಳು ಮುಂದೆ, ಅವನು ಬುಟ್ಟಿ ಹಿಡಿದು ಹಿಂದೆ.

ಹೆಬ್ಬಾವನ್ನು ಮಾರುವುದು ಕೊಂಡಷ್ಟು ಸುಲಭವಿರಲಿಲ್ಲ. ಕೊಳ್ಳುವಾಗ ಒಂದು ರಾತ್ರಿಯಲ್ಲಿ ಮುಗಿದದ್ದು ಮಾರುವಾಗ ಗಣೇಶ ಚೌತಿ ದಾಟಿತು. ಒಬ್ಬ, ಕಾಗದಪತ್ರವಿಲ್ಲದೆ ಕೊಟ್ಟರೆ ಪೂರ್ತಿ ಬೆಲೆ ಕೊಡುತ್ತೇನೆಂದ. ಶಶಿಕಾಂತ ಫೋನ್ ಇಟ್ಟುಬಿಟ್ಟ. ಕೊನೆಗೆ ಮಿರಜದಿಂದ ಪ್ರಥಮೇಶ ಎಂಬವನು ಕಾರಿನಲ್ಲಿ ಬಂದ. ಹಾವನ್ನು ಕೈಯಲ್ಲಿ ಎತ್ತಿ, ಬೆನ್ನು ಸವರಿ, ಹಲ್ಲು, ಕಣ್ಣು ನೋಡಿ, ತಿಳಿದವನಂತೆ ತಲೆಯಾಡಿಸಿದ. ಆಮೇಲೆ ಅರ್ಧ ಬೆಲೆ ಹೇಳಿದ.

"ಪೆಟ್ಟಿಗೆ, ಹೀಟರು, ಫ್ರಿಜ್ಜು ಎಲ್ಲಾ ಸೇರಿಸಿ," ಎಂದ.

"ಫ್ರಿಜ್ಜು ಸೇರಿಸಿ? ಪೆಟ್ಟಿಗ್ಯಾಗ ಹೊಸಾ ಯಂತ್ರ ಒಂದ ಐತ್ರಿ, ಇನ್ನೂ ಎರಡ ತಿಂಗಳ ಸೈತ ಆಗಿಲ್ಲ."

"ಹಳೇದಕ್ಕ ರೇಟ್ ಎಲ್ಲಿ ಅದ ದಾದಾ? ನಾನೂ ಮನ್ಯಾಗ ಹೆಂಡತಿಗೆ ಹೇಳಬೇಕು," ಎಂದ ಪ್ರಥಮೇಶ. ಅವನ ಮುಖದಲ್ಲೂ ಕಂತು ಕಟ್ಟುವವನ ದಣಿವಿತ್ತು. ಶಶಿಕಾಂತನಿಗೆ ಜಗಳವಾಡುವ ಉಮೇದು ಹೋಯಿತು. ವರ್ಗಾವಣೆಯ ಅರ್ಜಿಯನ್ನು ಇಬ್ಬರೂ ಕೂತು ತುಂಬಿದರು. ಕಾಶೀಬಾಯಿ ಕೆಳಗಿನ ಬಾಗಿಲಲ್ಲಿ ನಿಂತು, ಫ್ರಿಜ್ಜು ಕಾರಿಗೆ ಹೋಗುವವರೆಗೂ ನೋಡಿದರು.

ಬಂದ ರೊಕ್ಕವನ್ನು ಶಶಿಕಾಂತ ಹಾಗೇ ತಂದು ಪೂನಮ್‌ಳ ಹೊಲಿಗೆ ಯಂತ್ರದ ಮೇಲಿಟ್ಟ. "ನಿನ್ನ ಡಿಪಾಜಿಟ್ಟು. ಪೂರ್ತಿ ಇಲ್ಲ."

ಅವಳು ಎಣಿಸಲಿಲ್ಲ. "ಆ ಅಂಗಡಿ ಹೋತು. ಮೊಬೈಲ್ ಕವರ್ ಮಾರಾಂವ ತಗೊಂಡಾನ. ಹೋದ ವಾರ ಬೋರ್ಡ್ ಸೈತ ಹಾಕ್ಯಾನ," ಎಂದಳು. ಅತ್ತಿದ್ದರೆ ಅವನಿಗೆ ಸಮಾಧಾನ ಮಾಡಲಾದರೂ ಬರುತ್ತಿತ್ತು. ಅವಳು ದಾರ ಪೋಣಿಸಿ ಹೊಲಿಯತೊಡಗಿದಳು. ರಾತ್ರಿ ಅವಳೇ ಲೋನ್ ಆ್ಯಪಿನ ಸಾಲ ಪೂರ್ತಿ ತೀರಿಸಿದಳು, ಉಳಿದದ್ದನ್ನು ತನ್ನೊಬ್ಬಳ ಹೆಸರಿನ ಹೊಸ ಖಾತೆಗೆ ಹಾಕಿದಳು. ಅವನ ಫೋನು ತೆಗೆದುಕೊಂಡು ಕಾರ್ಡಿನ ನಂಬರು ಅಳಿಸಿ, ಪ್ರಾಣಿ ಮಾರುವ ಗುಂಪುಗಳಿಂದೆಲ್ಲ ಅವನನ್ನು ಹೊರಗೆ ತಂದಳು. ಅವನು ಪಕ್ಕದಲ್ಲೇ ಕುಳಿತು ನೋಡಿದ. ಸಿಟ್ಟು ಬಂತು, ಸಣ್ಣ ಹುಡುಗನ ಕೈಯಿಂದ ಆಟಿಕೆ ಕಸಿದಂತೆ. ಆದರೂ ತಡೆಯಲಿಲ್ಲ.

ಲೋಕಾಪುರದಲ್ಲಿ ಗೊಬ್ಬರದಂಗಡಿಯೊಬ್ಬರು ಮಣ್ಣು ಪರೀಕ್ಷೆಯ ಸಣ್ಣ ಲ್ಯಾಬ್ ತೆಗೆದಿದ್ದರು. ಹಂಗಾಮು ಶುರುವಾಗುವವರೆಗೆ ಶಶಿಕಾಂತ ಅಲ್ಲಿ ಕೆಲಸಕ್ಕೆ ನಿಂತ. ಸಂಬಳ ಕಡಿಮೆ, ಬಸ್ಸಿನಲ್ಲಿ ನಿಂತೇ ಪ್ರಯಾಣ. ಅಲ್ಲಿ ಬರುವುದೆಲ್ಲ ಕಾರ್ಡಿಗೆ. ಪ್ರತಿ ತಿಂಗಳೂ ಕಟ್ಟಿದರೂ ಬಡ್ಡಿಯೇ ಮೊದಲು ತಿನ್ನುತ್ತಿತ್ತು, ಅಸಲು ಒಂದಿಷ್ಟೇ ಕರಗುತ್ತಿತ್ತು. ಸ್ಟೇಟ್‌ಮೆಂಟ್ ಬಂದಾಗಲೆಲ್ಲ ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು.

ಅಕ್ಟೋಬರಿನಲ್ಲಿ ಮೋಡ ಸರಿದು ಬಿಸಿಲು ಬಂತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಶಶಿಕಾಂತ ರಾಣಿಯನ್ನು ಮಾಳಿಗೆಗೆ ಒಯ್ಯುತ್ತಿದ್ದ. ಅದು ಈಗ ಕುಂಟುತ್ತಿತ್ತು, ಬಾಯಿ ಒಂದು ಬದಿಗೆ ವಾರೆಯಾಗಿತ್ತು, ಆದರೆ ಸೊಪ್ಪು ತಿನ್ನುತ್ತಿತ್ತು. ಒಂದು ರವಿವಾರ ಪೂನಮ್ ದಾಸವಾಳದ ಹೂವು ತೆಗೆದುಕೊಂಡು ಮೇಲೆ ಬಂದಳು. ಸ್ವಲ್ಪ ದೂರದಲ್ಲಿ ಕುಳಿತಳು.

"ಇದು ಎಷ್ಟ ವರ್ಷ ಬದಕತೈತ್ರಿ?"

"ಛಲೋ ನೋಡಕೊಂಡ್ರ ಹದಿನೈದ ವರ್ಷ. ಇಪ್ಪತ್ತೂ ಆಗಬಹುದು."

"ಯವ್ವಾ!" ಎಂದು ಅವಳು ಹಣೆ ಹಿಡಿದುಕೊಂಡಳು. "ತರೂವಾಗ ಇದನ್ನ ಹೇಳಿದ್ದಿಲ್ಲ ನೀವು."

"ನನಗೂ ಆಗ ಗೊತ್ತಿದ್ದಿಲ್ಲ."

ಅವಳು ನಗಲಿಲ್ಲ. ಹೂವಿನ ಎಸಳು ಒಂದೊಂದಾಗಿ ಬಿಡಿಸಿ ರಾಣಿಯ ವಾರೆ ಬಾಯಿಯ ಮುಂದೆ ಹಿಡಿದಳು. ಅದು ನಿಧಾನಕ್ಕೆ, ಎರಡು ಸಲ ತಪ್ಪಿ, ಮೂರನೆಯ ಸಲ ಕಚ್ಚಿತು.

"ಮುಂದಿನ ವರ್ಷ ಅಂಗಡಿ ಹಿಡಿಯಾಕಿ ನಾನು," ಎಂದಳು. "ನಿಮ್ಮನ್ನ ಕೇಳೂದಿಲ್ಲ, ಹೇಳತೇನಿ ಅಷ್ಟ."

"ಹಿಡಿ," ಎಂದ ಶಶಿಕಾಂತ. ಬಿಸಿಲು ಏರುತ್ತಿತ್ತು. ಅವನು ರಾಣಿಯನ್ನು ಎತ್ತಿ ನೆರಳಿಗೆ ಸರಿಸಿದ.