ಕಂಬದ ನೆರಳಿನ ನಾಲ್ಕು ಗೆರೆ

ಜಗಲಿಯ ಮೇಲೆ ಇದ್ದಿಲಿನಿಂದ ನಾಲ್ಕು ಗೆರೆ ಎಳೆದವಳು ಸೊಸೆ ಇಂದ್ರಮ್ಮ. ಕಂಬದ ನೆರಳು ಒಂದೊಂದು ಗೆರೆ ಮುಟ್ಟಿದಾಗಲೂ ಅವಳ ಆರು ವರ್ಷದ ಮಗಳು ಮುತ್ತಿಗೆ ಒಂದು ಲೋಟ ನೀರು ಕುಡಿಸಬೇಕು, ಹಿತ್ತಲಲ್ಲಿ ಕೂರಿಸಬೇಕು, ಎದ್ದ ಮೇಲೆ ಇನ್ನೊಮ್ಮೆ ಕೂರಿಸಬೇಕು. ಮಗುವಿಗೆ ಉಚ್ಚೆ ಪೂರ್ತಿ ಹೋಗುವುದಿಲ್ಲ, ಒಳಗೆ ಉಳಿದದ್ದು ಕೆಟ್ಟು ಜ್ವರ ತರುತ್ತದೆ ಎಂದು ಶ್ರೀರಂಗಪಟ್ಟಣದ ಡಾಕ್ಟರು ಹೇಳಿದ್ದರು. ಜ್ವರ ಆಗಲೇ ಎರಡು ಸಲ ಬಂದು ಹೋಗಿತ್ತು.

ಅತ್ತೆ ಬೀರಮ್ಮನಿಗೆ ಇದು ತಲೆಗೇ ಹತ್ತಲಿಲ್ಲ. ಲಂಗ ನೆನೆಸಿಕೊಳ್ಳುವ ಮಗುವಿಗೆ ಮೇಲಿಂದ ಮೇಲೆ ನೀರು ಕುಡಿಸುವುದು ಯಾವ ಬುದ್ಧಿವಂತಿಕೆ? ಅಷ್ಟರಲ್ಲಿ ನಾಗಮಂಗಲದ ನೆಂಟರು ಮೂರು ದಿನಕ್ಕೆಂದು ಬಂದಿಳಿದರು. ಇಂದ್ರಮ್ಮ ನೀರು ಕುಡಿಸುವುದನ್ನು ಅತ್ತೆಗೆ ವಹಿಸಿ ನಾಟಿಗೆ ಹೋಗುತ್ತಿದ್ದಳು. ಮೂರು ದಿನವೂ ಬೀರಮ್ಮ ಲೋಟದ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದಳು. ಮುತ್ತಿ ಕಾಲು ಹೆಣೆದುಕೊಂಡು ಕೂತಿತ್ತು. ಲಂಗ ಒಣಗಿಯೇ ಇದ್ದದ್ದು ಕಂಡು ಮುದುಕಿ ಒಳಗೊಳಗೇ ಹಿಗ್ಗಿದಳು.

ನೆಂಟರ ಗಾಡಿ ಹೋದ ಸಂಜೆಯೇ ಮಗು ನಡುಗತೊಡಗಿತು.

ಮಾರನೆಯ ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಡಾಕ್ಟರು ಸೊಂಟದ ಮೇಲೆ ಒತ್ತಿದಾಗ ಮುತ್ತಿ ಅಜ್ಜಿಯ ತೊಡೆಯ ಮೇಲೆಯೇ ಚೀರಿತು.

"ಹೇಳಿದಷ್ಟು ನೀರು ಕುಡಿಸಿದಿರಾ?"

"ಒಂದ್ ಗೆರೆನೂ ತಪ್ಪಿಸ್ನಿಲ್ಲ ಸ್ವಾಮಿ. ನಮ್ಮತ್ತೆನೇ ಕುಡ್ಸವ್ರೆ," ಎಂದಳು ಇಂದ್ರಮ್ಮ.

"ಅಷ್ಟಾಗಿಯೂ ಜ್ವರ ಅಂದ್ರೆ ಒಳಗೆ ಬೇರೇನೋ ಅಡ್ಡ ಇರಬೇಕು. ಮೈಸೂರಿಗೆ ಬರೆದುಕೊಡ್ತೀನಿ. ಕೊಯ್ದು ನೋಡಬೇಕಾಗಬಹುದು."

ಡಾಕ್ಟರು ಲೇಖನಿಯನ್ನು ಶಾಯಿಗೆ ಅದ್ದಿದರು. ಬೀರಮ್ಮ ಆ ಲೇಖನಿಯನ್ನೇ ನೋಡಿದಳು. ಬಾಯಿಬಿಟ್ಟರೆ ಸೊಸೆಯ ಮುಂದೆ ಇನ್ನು ಜನ್ಮದಲ್ಲಿ ತಲೆಯೆತ್ತುವಂತಿಲ್ಲ. ಸುಮ್ಮನಿದ್ದರೆ ಈ ಪುಟ್ಟ ಮೈಗೆ ಕತ್ತಿ. ಕಾಗದದ ಮೇಲೆ ಆಗಲೇ ಅರ್ಧ ಸಾಲು ಮೂಡಿತ್ತು.

"ಬರೀಬ್ಯಾಡಿ ಸ್ವಾಮಿ. ನಾನ್ ಕುಡುಸ್ನಿಲ್ಲ. ನೀರ್ನೆಲ್ಲಾ ಬಾಳೆ ಬುಡಕ್ಕೆ ಉಯ್ದ್ಬುಟ್ಟೆ. ನೆಂಟ್ರು ನಮ್ ಕೂಸ್ನ ನೋಡಿ ನಗ್ಬಾರ್ದು ಅಂತ."

ಇಂದ್ರಮ್ಮ ಮಗುವನ್ನು ಅತ್ತೆಯ ತೊಡೆಯಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಕೆನ್ನೆಗೆ ಹೊಡೆದಿದ್ದರೂ ಮುದುಕಿಗೆ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರು ಕಾಗದವನ್ನು ಪಕ್ಕಕ್ಕಿಟ್ಟರು. "ಸದ್ಯ, ಹೇಳಿದಿರಿ. ಔಷಧ ಕೊಡ್ತೀನಿ, ನಾಳೆ ಮತ್ತೆ ಕರ್ಕೊಂಡು ಬನ್ನಿ. ಆದ್ರೆ ನೀರು ತಪ್ಪಬಾರದು. ಈಗ ಯಾರು ಕುಡಿಸ್ತೀರಿ?"

ಮುತ್ತಿ ಕಣ್ಣು ಬಿಟ್ಟು, "ಅಜ್ಜಿ, ನೀರು," ಎಂದಿತು.

ಬೀರಮ್ಮ ಎದ್ದು ಮೂಲೆಯ ಹೂಜಿಯ ಹತ್ತಿರ ಹೋದಳು. ಲೋಟ ತುಂಬಿಸಿಕೊಂಡು ಅಲ್ಲೇ ನಿಂತಳು. ಸೊಸೆಯ ಮುಖ ನೋಡಿದಳು.

"ಕುಡ್ಸಿ ಅತ್ತೆ," ಎಂದಳು ಇಂದ್ರಮ್ಮ. "ನಾನ್ ನೋಡ್ತಿರ್ತೀನಿ."